ಪದವಿಯಿಲ್ಲದ ಪ್ರಾಧ್ಯಾಪಕ: ವಿಲ್ಹೆಲ್ಮ್ ಯೋಹಾನ್ಸನ್

‘ಜೀನ್’ ಎಂಬ ಪದ ಇಂದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಪರಿಚಿತ. 1909ರಲ್ಲಿ ಈ ಪದವನ್ನು ವಿಜ್ಞಾನಕ್ಕೆ ಕೊಟ್ಟವರು ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೋಹಾನ್ಸನ್. ಆದರೆ ಅವರು ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದವರಲ್ಲ ಎಂಬುದು ಬಹಳ ಜನರಿಗೆ ತಿಳಿಯದು.

ಯೋಹಾನ್ಸನ್ 1857ರ ಫೆಬ್ರವರಿ 3ರಂದು ಕೋಪನ್‌ಹೇಗನ್ ನಗರದಲ್ಲಿ ಜನಿಸಿದರು. ತಂದೆ ಸೇನೆಯಲ್ಲಿದ್ದರೂ ಮಗನನ್ನು ವಿಶ್ವವಿದ್ಯಾಲಯಕ್ಕೆ ಕಳುಹಿಸುವಷ್ಟು ಅನುಕೂಲವಿರಲಿಲ್ಲ. 1872ರಲ್ಲಿ, ಹದಿನೈದರ ಹರೆಯದಲ್ಲಿ, ಅವರು ಔಷಧದ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಸೇರಿದರು. ದುಡಿಯುತ್ತಲೇ ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರವನ್ನು ಸ್ವಂತವಾಗಿ ಓದಿಕೊಂಡು, 1879ರಲ್ಲಿ ಔಷಧಶಾಸ್ತ್ರದ ಪರೀಕ್ಷೆಯಲ್ಲಿ ತೇರ್ಗಡೆಯಾದರು. 1881ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರಸಾಯನವಿಜ್ಞಾನಿ ಕೆಲ್ಡಾಲ್ ಅವರ ಸಹಾಯಕರಾದರು. 1892ರಲ್ಲಿ ಕೋಪನ್‌ಹೇಗನ್ನಿನ ಕೃಷಿ ಮತ್ತು ಪಶುವೈದ್ಯಕೀಯ ಕಾಲೇಜಿನಲ್ಲಿ ಉಪನ್ಯಾಸಕರಾದರು.

ಪ್ರತಿ ವರ್ಷ ದಪ್ಪ ಕಾಳುಗಳನ್ನೇ ಆರಿಸಿ ಬಿತ್ತಿದರೆ ಬೆಳೆ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಲೇ ಹೋಗುತ್ತದೆ ಎಂಬ ನಂಬಿಕೆ ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಯೋಹಾನ್ಸನ್ ಇದನ್ನು ತೂಗಿ ನೋಡಲು ನಿರ್ಧರಿಸಿದರು. ಅದಕ್ಕಾಗಿ ಆರಿಸಿಕೊಂಡದ್ದು ನಾವು ಹುರುಳಿಕಾಯಿ ಎಂದೂ ಕರೆಯುವ ಬೀನ್ಸ್‌ನ ‘ಪ್ರಿನ್ಸೆಸ್’ ತಳಿ. ಬೀನ್ಸ್ ಸ್ವಕೀಯ ಪರಾಗಸ್ಪರ್ಶದ ಬೆಳೆಯಾದ್ದರಿಂದ ಒಂದೇ ಗಿಡದ ಸಂತತಿಯನ್ನು ಬೇರೊಂದರ ಬೆರಕೆಯಿಲ್ಲದೆ ಮುಂದುವರಿಸಬಹುದು. ಇಂತಹ ಸಂತತಿಯನ್ನು ಅವರು ‘ಶುದ್ಧ ಸಾಲು’ ಎಂದು ಕರೆದರು.

ಅವರು 19 ಶುದ್ಧ ಸಾಲುಗಳನ್ನು ಬೇರೆ ಬೇರೆಯಾಗಿ ಬೆಳೆಸಿ ಕಾಳುಗಳನ್ನು ತೂಗಿದರು. ಅತಿ ಭಾರದ ಸಾಲಿನ ಸರಾಸರಿ ತೂಕ ಕಾಳೊಂದಕ್ಕೆ 642 ಮಿಲಿಗ್ರಾಂ, ಅತಿ ಹಗುರ ಸಾಲಿನದು 351 ಮಿಲಿಗ್ರಾಂ. ಸಾಲು ಸಾಲುಗಳ ನಡುವಿನ ಈ ವ್ಯತ್ಯಾಸ ಮುಂದಿನ ಪೀಳಿಗೆಗೂ ಸಾಗಿತು. ಆದರೆ ಒಂದೇ ಸಾಲಿನೊಳಗೆ ಕಂಡದ್ದೇ ಬೇರೆ. 13ನೆಯ ಸಾಲಿನಲ್ಲಿ 200 ಮಿಲಿಗ್ರಾಂ ತೂಕದ ಸಣ್ಣ ಕಾಳನ್ನು ಬಿತ್ತಿದಾಗ ಬಂದ ಕಾಳುಗಳ ಸರಾಸರಿ 475. 500 ಮಿಲಿಗ್ರಾಂನ ದಪ್ಪ ಕಾಳನ್ನು ಬಿತ್ತಿದಾಗ 458! ಹಲವು ಪೀಳಿಗೆ ಆಯ್ಕೆ ಮುಂದುವರಿಸಿದರೂ ಸಾಲಿನೊಳಗೆ ಪ್ರಗತಿ ಕಾಣಲಿಲ್ಲ.

ಕಾರಣವಿಷ್ಟೆ. ಒಂದೇ ಸಾಲಿನ ಕಾಳುಗಳಲ್ಲಿ ದಪ್ಪ-ಸಣ್ಣ ಎಂಬ ಭೇದ ಉಂಟಾಗುವುದು ಮಣ್ಣು, ನೀರು, ಗೊಬ್ಬರ, ಕಾಯಿಯಲ್ಲಿ ಕಾಳಿನ ಸ್ಥಾನ ಮುಂತಾದವುಗಳಿಂದ. ಇದು ಸಂತತಿಗೆ ಹೋಗುವುದಿಲ್ಲ. ಕಣ್ಣಿಗೆ ಕಾಣುವ ರೂಪಕ್ಕೆ ‘ಫೀನೋಟೈಪ್’ ಎಂದೂ, ಒಳಗಿರುವ ಆನುವಂಶಿಕ ರಚನೆಗೆ ‘ಜೀನೋಟೈಪ್’ ಎಂದೂ ಅವರು 1909ರ ತಮ್ಮ ಗ್ರಂಥದಲ್ಲಿ ಹೆಸರಿಟ್ಟರು.

ಇದರಿಂದ ಆಯ್ಕೆಯೇ ವ್ಯರ್ಥವೆಂದು ಕೆಲವರು ಭಾವಿಸಿದರು. ಅದು ಸರಿಯಲ್ಲ. ರೈತರ ಹೊಲದ ಹಳೆಯ ನಾಡತಳಿಗಳಲ್ಲಿ ಅನೇಕ ಸಾಲುಗಳು ಬೆರೆತಿರುತ್ತವೆ. ಉತ್ತಮ ಸಾಲನ್ನು ಹೆಕ್ಕಿ ತೆಗೆಯಲು ಆಯ್ಕೆ ಖಂಡಿತ ನೆರವಾಗುತ್ತದೆ. ಶುದ್ಧ ಸಾಲಿನ ಆಯ್ಕೆಯ ವಿಧಾನ ಇದನ್ನೇ ಆಧರಿಸಿದೆ. ಮೊದಲು ಹಲವಾರು ಗಿಡಗಳನ್ನು ಆರಿಸಿ ಬೀಜವನ್ನು ಪ್ರತ್ಯೇಕವಾಗಿ ಕೊಯ್ದು, ಪ್ರತ್ಯೇಕ ಸಾಲುಗಳಲ್ಲಿ ಬಿತ್ತುತ್ತಾರೆ. ಕಳಪೆಯವನ್ನು ಬಿಟ್ಟು, ಉಳಿದವನ್ನು ಸ್ಥಳೀಯ ತಳಿಯೊಂದಿಗೆ ಹಲವು ವರ್ಷ ಹೋಲಿಸಿ, ಉತ್ತಮವಾದುದನ್ನು ತಳಿಯಾಗಿ ಬಿಡುಗಡೆ ಮಾಡುತ್ತಾರೆ. ಅದಕ್ಕೂ ಮೀರಿದ ಸುಧಾರಣೆ ಬೇಕಾದರೆ ಸಂಕರಣದಿಂದ ಹೊಸ ವೈವಿಧ್ಯವನ್ನು ತರಬೇಕಾಗುತ್ತದೆ.

ಸ್ವೀಡನ್ನಿನ ನಿಲ್ಸನ್-ಏಲೆ ಗೋಧಿ ಕಾಳಿನ ಬಣ್ಣವನ್ನು ಹಲವು ಜೀನ್‌ಗಳು ಕೂಡಿ ನಿರ್ಧರಿಸಬಲ್ಲವೆಂದು ತೋರಿಸಿದರು. 1918ರಲ್ಲಿ ಇಂಗ್ಲೆಂಡಿನ ಫಿಶರ್ ಇದಕ್ಕೆ ಗಣಿತದ ಚೌಕಟ್ಟು ಕೊಟ್ಟರು. ಇಳುವರಿಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಆನುವಂಶಿಕತೆಯ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂದು ತಳಿ ವಿಜ್ಞಾನಿಗಳು ಇಂದಿಗೂ ಲೆಕ್ಕ ಹಾಕುತ್ತಾರೆ. ಆನುವಂಶಿಕತೆಯ ಪಾಲು ಕಡಿಮೆಯಿದ್ದರೆ, ಒಂದೇ ಗಿಡದ ಸೊಂಪನ್ನು ನೋಡಿ ಆರಿಸಿದವರಿಗೆ ನಿರಾಶೆಯೇ ಹೆಚ್ಚು.

1905ರಲ್ಲಿ ಯೋಹಾನ್ಸನ್ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1917ರಲ್ಲಿ ಅದೇ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ವಿದ್ಯಾರ್ಥಿಯಾಗಿ ಪ್ರವೇಶಿಸಲಾಗದ ವಿದ್ಯಾಸಂಸ್ಥೆಯನ್ನು ಹೀಗೆ ಅವರೇ ಮುನ್ನಡೆಸಿದರು. 1927ರ ನವೆಂಬರ್ 11ರಂದು ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ಫೀಸು ಕಟ್ಟಲಾಗದೆ ಓದು ನಿಲ್ಲಿಸಿದ ಮಕ್ಕಳು ನಮ್ಮ ನಡುವೆಯೂ ಇದ್ದಾರೆ. ಅವರನ್ನು ಅಂಗಡಿಯ ಗಲ್ಲಾದ ಮುಂದೆ ಕಂಡಾಗ ಇಷ್ಟೇ ಅವರ ಯೋಗ್ಯತೆ ಎಂದು ತೀರ್ಮಾನಿಸುವುದು ಬೇಡ. ಸಣ್ಣ ಕಾಳು ಕೂಡ ಒಳ್ಳೆಯ ಸಾಲಿನದಾಗಿರಬಹುದು.