ಸ್ಟೀರಿಂಗಿಗೆ ಎಣ್ಣೆಯ ಬಲ ಕೊಟ್ಟ ಡೇವಿಸ್

ಕೊಳ್ಳೇಗಾಲ ಬಿಟ್ಟು ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದ ತನಕ ಲಾರಿ ಓಡಿಸೋದು ದೊಡ್ಡ ವಿಷಯವೇನಲ್ಲ. ಆಮೇಲೆ ಶುರುವಾಗುತ್ತೆ ಮಾದಪ್ಪನ ಬೆಟ್ಟದ ಘಾಟಿ. ಒಂದು ತಿರುವು ಮುಗಿಯಿತು ಅನ್ನೋ ಹೊತ್ತಿಗೆ ಇನ್ನೊಂದು ಎದುರಿಗೆ ನಿಂತಿರುತ್ತೆ. ಪವರ್ ಸ್ಟೀರಿಂಗ್ ಇಲ್ಲದ ಹಳೇ ಲಾರಿಯಲ್ಲಿ ಲೋಡು ಹೊತ್ತುಕೊಂಡು ಈ ದಾರಿ ಹತ್ತಿಸಿದ ಡ್ರೈವರ್‌ಗಳ ತೋಳು ನೋಡಿದರೆ ಜಿಮ್ಮಿಗೆ ಹೋಗುವ ನಮ್ಮ ಹಾಸ್ಟೆಲ್ ಗೆಳೆಯರು ನಾಚಬೇಕು.

ಟೆಲ್ಕೋದವರು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ತಯಾರಿಸಿದ ಲಾರಿಗಳನ್ನೋ, ಹಳೇ ಲೇಲ್ಯಾಂಡ್ ಕಾಮೆಟ್‌ಗಳನ್ನೋ ಪ್ರೀತಿಯಿಂದ ರಿಪೇರಿ ಮಾಡಿ ಇಟ್ಟುಕೊಳ್ಳುವವರು ಇನ್ನೂ ಇದ್ದಾರೆ. ಅಂಥ ಲಾರಿಯ ಸ್ಟೀರಿಂಗನ್ನು ಇದ್ದ ಹಾಗೇ ಬಿಡಬೇಕಾ, ಪವರ್ ಹಾಕಿಸಬೇಕಾ? ಈ ಪ್ರಶ್ನೆಯ ಹಿಂದೆ ಬಿದ್ದ ನಮಗೆ ಸಿಕ್ಕಿದ್ದು ಫ್ರಾನ್ಸಿಸ್ ಡೇವಿಸ್ ಅನ್ನೋ ಎಂಜಿನಿಯರ್‌ನ ಬದುಕು. ಪವರ್ ಸ್ಟೀರಿಂಗ್ ಅಂದರೆ ನಮಗೆ ಕಾರು ನೆನಪಾಗುತ್ತೆ. ಡೇವಿಸ್‌ಗೆ ತಲೆನೋವು ಶುರುವಾಗಿದ್ದು ಲಾರಿಯಿಂದ.

ಡೇವಿಸ್ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಹಾರ್ವರ್ಡ್‌ನಲ್ಲಿ ಓದಿ, 1910ರಲ್ಲಿ ಬಫೆಲೋ ಊರಿನ ಪಿಯರ್ಸ್-ಆರೋ ಕಂಪನಿಗೆ ಸೇರಿದರು. ಅದು ಆ ದೇಶದ ಸಾಹುಕಾರರ ಕಾರು ಕಂಪನಿ. ಆದರೆ ಡೇವಿಸ್ ಬೆಳೆದಿದ್ದು ಅಲ್ಲಿನ ಲಾರಿ ವಿಭಾಗದಲ್ಲಿ. ಮುಂದೆ ಅದರ ಮುಖ್ಯ ಎಂಜಿನಿಯರ್ ಆದರು. ಮೊದಲ ಮಹಾಯುದ್ಧದಲ್ಲಿ ಈ ಲಾರಿಗಳು ಯುರೋಪಿಗೂ ಹೋದವು. ಆಗಿನ ಭಾರೀ ಲಾರಿಗಳ ಟೈರು ಗಟ್ಟಿ ರಬ್ಬರ್, ಒಳಗೆ ಗಾಳಿಯೇ ಇಲ್ಲ. ರಸ್ತೆಯ ಪ್ರತಿ ಹಳ್ಳವೂ ಸ್ಟೀರಿಂಗ್ ಮೂಲಕ ನೇರ ಡ್ರೈವರ್ ಮಣಿಕಟ್ಟಿಗೆ ಬಂದು ಹೊಡೆಯುತ್ತಿತ್ತು. ನಿಂತ ಲಾರಿಯ ಚಕ್ರ ತಿರುಗಿಸೋದಂತೂ ಕುಸ್ತಿಯೇ.

ಇದಕ್ಕೆ ಗೇರ್ ಅನುಪಾತ ಹೆಚ್ಚಿಸಿದರೆ ಆಗಲ್ವಾ ಅಂತ ನೀವು ಕೇಳಬಹುದು. ಆಗುತ್ತೆ, ಆದರೆ ಬೆಲೆ ತೆರಬೇಕು. ಲೆಕ್ಕ ಹಾಕಿ ನೋಡಿ: ಮುಂದಿನ ಚಕ್ರ ಒಂದು ತುದಿಯಿಂದ ಇನ್ನೊಂದು ತುದಿಗೆ ಒಟ್ಟು 70 ಡಿಗ್ರಿ ಹೊರಳುತ್ತೆ ಅಂದುಕೊಳ್ಳಿ. ಅನುಪಾತ 18 ಇದ್ದರೆ ಸ್ಟೀರಿಂಗ್ ಮೂರೂವರೆ ಸುತ್ತು. ಕೈಗೆ ಹಗುರಾಗಲಿ ಅಂತ 25 ಮಾಡಿದರೆ ಸುಮಾರು ಐದು ಸುತ್ತು. ಬಲದಲ್ಲಿ ಉಳಿಸಿದ್ದನ್ನು ದೂರದಲ್ಲಿ ಕೊಡಲೇಬೇಕು. ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಆ ಹೆಚ್ಚುವರಿ ಒಂದೂವರೆ ಸುತ್ತಿಗೆ ಸಮಯ ಎಲ್ಲಿಂದ ತರೋದು?

ಯಂತ್ರದ ಬಲದಿಂದ ದಿಕ್ಕು ತಿರುಗಿಸೋದು ಡೇವಿಸ್‌ಗೂ ಹಳೆಯದೇ. 1860ರ ದಶಕದಲ್ಲೇ ಗ್ರೇಟ್ ಈಸ್ಟರ್ನ್ ಹಡಗಿಗೆ ಉಗಿಯ ಸ್ಟೀರಿಂಗ್ ಬಂದಿತ್ತು. 1903ರಲ್ಲಿ ಕೊಲಂಬಿಯಾ ಅನ್ನೋ ಲಾರಿಯ ಸ್ಟೀರಿಂಗಿಗೆ ವಿದ್ಯುತ್ ಮೋಟಾರು ಹಾಕಿದ್ದರು. ಬಲ ಕೊಡೋದು ಕಷ್ಟದ ಕೆಲಸ ಅಲ್ಲ. ಎಷ್ಟು ಬೇಕೋ ಅಷ್ಟನ್ನೇ, ಬೇಕಾದಾಗ ಮಾತ್ರ ಕೊಡೋದು ಕಷ್ಟ.

1922ರಲ್ಲಿ ಡೇವಿಸ್ ಮುಖ್ಯ ಎಂಜಿನಿಯರ್ ಕೆಲಸಕ್ಕೇ ರಾಜೀನಾಮೆ ಕೊಟ್ಟರು. ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ತಮ್ ಊರಿನಲ್ಲಿ ಸಣ್ಣ ವರ್ಕ್‌ಶಾಪ್ ಬಾಡಿಗೆಗೆ ಹಿಡಿದು, ಜಾರ್ಜ್ ಜೆಸಪ್ ಅನ್ನೋ ನುರಿತ ಟೂಲ್ ಮೇಕರ್‌ನ ಜೊತೆಗಿಟ್ಟುಕೊಂಡು ಕೂತರು. ಕ್ಯಾಂಪಸ್ ಪ್ಲೇಸ್‌ಮೆಂಟ್ ಬಿಟ್ಟು ಸ್ಟಾರ್ಟಪ್ ಮಾಡ್ತೀನಿ ಅನ್ನೋರಿಗೆ ಇವರು ಸರಿಯಾದ ಹಿರಿಯಣ್ಣ. ಆದರೆ ಅವರ ಕಥೆ ಪೂರ್ತಿ ಕೇಳಿ ಹೊರಡಿ.

ಎಣ್ಣೆಯ ಒತ್ತಡ ಬಳಸಬೇಕು ಅನ್ನೋದು ಗೊತ್ತಿತ್ತು. ಆಗಿನ ಹೈಡ್ರಾಲಿಕ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಕವಾಟ ಮುಚ್ಚಿರುತ್ತಿತ್ತು, ಒತ್ತಡ ಸದಾ ತುಂಬಿಕೊಂಡೇ ಇರುತ್ತಿತ್ತು. ಗಾಡಿಯಲ್ಲಿ ಹಾಗಿಟ್ಟರೆ ಎಣ್ಣೆ ಸೋರುತ್ತೆ, ಪಂಪಿಗೂ ವಿಶ್ರಾಂತಿ ಇಲ್ಲ. ಡೇವಿಸ್ ಇದನ್ನು ಉಲ್ಟಾ ಮಾಡಿದರು. ಕವಾಟ ಸದಾ ತೆರೆದೇ ಇರಲಿ. ಗಾಡಿ ನೆಟ್ಟಗೆ ಹೋಗುವಾಗ ಪಂಪಿನ ಎಣ್ಣೆ ಸುಮ್ಮನೆ ಸುತ್ತಿ ಟ್ಯಾಂಕಿಗೆ ವಾಪಸ್ ಬರಲಿ. ಡ್ರೈವರ್ ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಕವಾಟ ಕೂದಲೆಳೆಯಷ್ಟು ಸರಿದು ಒಂದು ಬದಿಯ ದಾರಿಯನ್ನು ಕಿರಿದು ಮಾಡಲಿ. ಆಗ ಒತ್ತಡ ಏರಿ ಪಿಸ್ಟನ್ ತಳ್ಳುತ್ತೆ. ಚಕ್ರ ಕೈಯ ಜೊತೆಗೆ ಬಂದು ಸೇರಿದ ಕೂಡಲೇ ಕವಾಟ ತಾನಾಗಿ ನಡುವಿಗೆ ಬಂದು ನಿಲ್ಲುತ್ತೆ. ಕಂಟ್ರೋಲ್ ಸಿಸ್ಟಮ್ಸ್ ಪೇಪರಿನಲ್ಲಿ ನಾವು ಬೈದುಕೊಳ್ಳುತ್ತಾ ಬಿಡಿಸುವ ಫೀಡ್‌ಬ್ಯಾಕ್ ಚೌಕಗಳೆಲ್ಲ ಇಲ್ಲಿ ಕಬ್ಬಿಣದಲ್ಲೇ ಇವೆ. ಮೇಲಾಗಿ, ಎಂಜಿನ್ ನಿಂತರೂ ಸ್ಟೀರಿಂಗಿಗೂ ಚಕ್ರಕ್ಕೂ ಗೇರಿನ ಕೊಂಡಿ ಕಡಿಯೋದಿಲ್ಲ.

1926ರಲ್ಲಿ ಇದನ್ನು ತಮ್ಮ ಪಿಯರ್ಸ್-ಆರೋ ಕಾರಿಗೆ ಕೂರಿಸಿಕೊಂಡು ಡೆಟ್ರಾಯಿಟ್‌ಗೆ ಓಡಿಸಿಕೊಂಡು ಹೋದರು. ನೋಡಿದವರು ಬೆರಗಾದರು, ಜನರಲ್ ಮೋಟಾರ್ಸ್ ಒಪ್ಪಂದವನ್ನೂ ಮಾಡಿಕೊಂಡಿತು. ಕ್ಯಾಡಿಲಾಕ್‌ಗೆ ಹಾಕೋಣ ಅಂತ ವರ್ಷಗಟ್ಟಲೆ ಕೆಲಸ ನಡೆಯಿತು. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ. ಖರ್ಚು ಗಿಟ್ಟಲ್ಲ ಅಂತ 1934ರಲ್ಲಿ ಕಂಪನಿ ಕೈಬಿಟ್ಟಿತು. ಯಂತ್ರದಲ್ಲಿ ದೋಷ ಇರಲಿಲ್ಲ, ಕೊಳ್ಳುವ ಕೈ ಇರಲಿಲ್ಲ. 1936ರಲ್ಲಿ ಡೇವಿಸ್ ಬೆಂಡಿಕ್ಸ್ ಕಂಪನಿ ಕಡೆ ಹೋದರು. ಕೊನೆಗೆ ಅವರ ಯಂತ್ರಕ್ಕೆ ದೊಡ್ಡ ಗಿರಾಕಿಯಾಗಿ ಸಿಕ್ಕಿದ್ದು ಎರಡನೇ ಮಹಾಯುದ್ಧ. ಕವಚ ಹೊದ್ದ ಭಾರೀ ಸೇನಾ ವಾಹನಗಳನ್ನು ಬರೀ ತೋಳಬಲದಿಂದ ತಿರುಗಿಸೋಕೆ ಆಗುತ್ತಿರಲಿಲ್ಲ.

1951ರಲ್ಲಿ ಪವರ್ ಸ್ಟೀರಿಂಗ್ ಇರುವ ಕಾರನ್ನು ಮೊದಲು ಅಂಗಡಿಗೆ ತಂದದ್ದು ಕ್ರೈಸ್ಲರ್. ಅವಧಿ ಮುಗಿದಿದ್ದ ಡೇವಿಸ್ ಪೇಟೆಂಟ್‌ಗಳೇ ಅದಕ್ಕೆ ಆಧಾರ. ಇದನ್ನು ಓದಿದಾಗ ನಮಗಂತೂ ಹೊಟ್ಟೆ ಉರೀತು. ಪೈಪೋಟಿಗೆ ಬಿದ್ದ ಜನರಲ್ ಮೋಟಾರ್ಸ್ ಹಿಂದೆ ಕೈಬಿಟ್ಟಿದ್ದ ಕೆಲಸವನ್ನೇ ಮತ್ತೆ ಎತ್ತಿಕೊಂಡಿತು. ವಾಲ್ತಮ್‌ನ ವರ್ಕ್‌ಶಾಪ್ ಹಿಡಿದು ಆಗಲೇ ಸುಮಾರು 30 ವರ್ಷ. ಡೇವಿಸ್ ತೀರಿಕೊಂಡಿದ್ದು 1978ರಲ್ಲಿ, ತೊಂಬತ್ತು ದಾಟಿದ ಮೇಲೆ. ಬೆರಳಲ್ಲಿ ಸ್ಟೀರಿಂಗ್ ತಿರುಗಿಸುವ ಜನರನ್ನು ಕಣ್ಣಾರೆ ನೋಡೋಷ್ಟು ಆಯುಸ್ಸಾದರೂ ಸಿಕ್ಕಿತ್ತಲ್ಲ.

ಈಗ ಆ ಹಳೇ ಲಾರಿಯ ಪ್ರಶ್ನೆ. ಯಳಂದೂರಿನ ಗದ್ದೆ ಬಯಲಲ್ಲಿ ಖಾಲಿ ಓಡಾಡಿಕೊಂಡು, ಆಯುಧಪೂಜೆಗೆ ಹಾರ ಹಾಕಿಸಿಕೊಳ್ಳೋ ಲಾರಿ ಆದರೆ ಮ್ಯಾನುಯಲ್ಲೇ ಇರಲಿ ಅಂತ ನಮ್ಮ ಅಭಿಪ್ರಾಯ. ಗಾಡಿ ಓಡುತ್ತಿರುವಾಗ ಅದು ಅಷ್ಟೇನೂ ಭಾರ ಅನ್ನಿಸಲ್ಲ. ಕಿಂಗ್‌ಪಿನ್‌ಗೆ ಗ್ರೀಸು ಹೊಡೆಸಿ, ಟೈರಿಗೆ ಸರಿಯಾಗಿ ಗಾಳಿ ಹಿಡಿಸಿದರೆ ಅರ್ಧ ಭಾರ ಅಲ್ಲೇ ಇಳಿಯುತ್ತೆ. ಇಷ್ಟನ್ನು ಮಾಡಿಸದೆ ಪವರ್ ಹಾಕಿಸುವವರು ರೋಗ ಬಿಟ್ಟು ನೋವಿಗೆ ಮಾತ್ರೆ ನುಂಗುವವರು.

ಕುಂತೂರಿಗೆ ಕಬ್ಬು ಹೊರಬೇಕು, ಇಲ್ಲಾ ತಾಳಬೆಟ್ಟದಿಂದ ಮೇಲಕ್ಕೆ ಲೋಡು ಹತ್ತಬೇಕು ಅಂದರೆ ಪವರ್ ಹಾಕಿಸೋದೇ ಸರಿ. ಆದರೆ ಪಂಪು ಒಂದನ್ನು ತಂದು ಸಿಕ್ಕಿಸಿದರೆ ಆಗಲ್ಲ. ಆ ಲಾರಿಯ ಮುಂದಿನ ಆಕ್ಸಲ್ ಭಾರಕ್ಕೆ ಹೊಂದುವ ಗೇರ್ ಬಾಕ್ಸ್ ಬೇಕು. ಅದನ್ನು ಕೂರಿಸುವ ಜಾಗದಲ್ಲಿ ಚಾಸಿಗೆ ಬಲ ಕೊಡಿಸಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತೆ. ಕೈಬಲಕ್ಕೆಂದು ಕಮ್ಮಿ ಇಟ್ಟಿದ್ದ ಕ್ಯಾಸ್ಟರ್ ಕೋನವನ್ನೂ ನೋಡಿಸಬೇಕು, ತಿರುವಿನ ಆಚೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗೋದು ಅದರಿಂದಲೇ.

ಪವರ್ ಹಾಕಿಸಿದ ಮೇಲೆ ಒಂದು ಹಳೇ ಚಾಳಿ ಬಿಡಲೇಬೇಕು. ಡೀಸೆಲ್ ಉಳಿಸೋಕೆ ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡೋದು ಮೊದಲಿಂದಲೂ ಅಪಾಯವೇ. ಪವರ್ ಸ್ಟೀರಿಂಗ್ ಲಾರಿಯಲ್ಲಿ ಎಂಜಿನ್ ನಿಂತರೆ ಪಂಪೂ ನಿಲ್ಲುತ್ತೆ. ಡೇವಿಸ್ ಉಳಿಸಿಕೊಟ್ಟ ಗೇರಿನ ಕೊಂಡಿ ಇದ್ದೇ ಇರುತ್ತೆ, ಆದರೆ ಈಗ ಅನುಪಾತ ಕಮ್ಮಿ, ಸ್ಟೀರಿಂಗ್ ಮೊದಲಿಗಿಂತಲೂ ಭಾರ. ತಾಳಬೆಟ್ಟಕ್ಕೆ ಇಳಿಯುವಾಗ ಗೇರ್‌ನಲ್ಲೇ ಇಳಿಯಿರಿ, ಎಂಜಿನ್ ಓಡ್ತಾ ಇರಲಿ.