ಮೋಳಿಗೆಯ ಮಾರಯ್ಯನವರ ಕಾಯಕಶುದ್ಧಿ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವನ್ನರಸಿ ಬಂದ ಶರಣರಲ್ಲಿ ಮೋಳಿಗೆಯ ಮಾರಯ್ಯನವರ ಸ್ಥಾನ ವಿಶಿಷ್ಟವಾದುದು. ಪುರಾಣಪರಂಪರೆಯ ಪ್ರಕಾರ ಅವರು ಕಾಶ್ಮೀರದ ಅರಸರು. ಪೂರ್ವಾಶ್ರಮದ ನಾಮ ಮಹಾದೇವ ಭೂಪಾಲ. ಜಂಗಮರ ಮುಖದಿಂದ ಬಸವಣ್ಣನವರ ಮಹಿಮೆಯನ್ನು ಕೇಳಿ, ರಾಜ್ಯಕೋಶಗಳನ್ನು ತೃಣದಂತೆ ತೊರೆದು, ರಾಣಿಯೊಡನೆ ಕಲ್ಯಾಣಕ್ಕೆ ನಡೆದುಬಂದರು. ಅಲ್ಲಿ ಅರಸರು ಮಾರಯ್ಯನವರಾದರು, ರಾಣಿ ಮಹಾದೇವಿಯಮ್ಮನವರಾದರು.

ಕಿರೀಟವನ್ನು ಹೊತ್ತಿದ್ದ ಶಿರವು ಕಟ್ಟಿಗೆಯ ಹೊರೆಯನ್ನು ಹೊತ್ತಿತು. ಮೋಳಿಗೆಯೆಂದರೆ ಆ ಹೊರೆಯೇ. ಪ್ರತಿದಿನವೂ ಅಡವಿಗೆ ಹೋಗಿ ಸೌದೆಯನ್ನು ಕಡಿದು, ಊರಿನಲ್ಲಿ ಮಾರಿ, ಬಂದ ಹಣದಿಂದ ಜಂಗಮದಾಸೋಹವನ್ನು ನಡೆಯಿಸಿ, ಉಳಿದ ಅಂಬಲಿಯನ್ನು ಪ್ರಸಾದವೆಂದು ದಂಪತಿಗಳು ಸ್ವೀಕರಿಸುತ್ತಿದ್ದರು. ನಿಃಕಳಂಕ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವರ ೮೦೦ಕ್ಕೂ ಹೆಚ್ಚು ವಚನಗಳು ನಮಗೆ ಉಳಿದುಬಂದಿವೆ.

ಅವರ ಬಡತನವನ್ನು ಕೇಳಿ ಮರುಗಿದ ಬಸವಣ್ಣನವರು, ಮಾರಯ್ಯನವರು ಮನೆಯಲ್ಲಿಲ್ಲದ ವೇಳೆಯಲ್ಲಿ ವೇಷವನ್ನು ಮರೆಸಿಕೊಂಡು ಬಂದು, ಅಂಬಲಿಯ ಪ್ರಸಾದವನ್ನು ಸ್ವೀಕರಿಸಿ, ಹೊನ್ನಿನ ಗಂಟುಗಳನ್ನು ಗುಟ್ಟಾಗಿ ಇರಿಸಿಹೋದರಂತೆ. ಹಿಂದಿರುಗಿದ ಮಾರಯ್ಯನವರು ಅವನ್ನು ಮುಟ್ಟದೆ ಜಂಗಮರಿಗೆ ಹಂಚಿಬಿಟ್ಟರು. ಪಾದೋದಕದ ಸ್ಪರ್ಶದಿಂದ ಅವರ ಕಟ್ಟಿಗೆಯೇ ಚಿನ್ನವಾಯಿತೆಂದೂ, ಬಸವಣ್ಣನವರು ತಮ್ಮ ತಪ್ಪನ್ನೊಪ್ಪಿಕೊಂಡರೆಂದೂ ಪುರಾಣಗಳು ಸಾರುತ್ತವೆ. ತಾನು ದುಡಿಯದ, ತನಗೆ ತಿಳಿಯದೆ ಒಳಹೊಕ್ಕ ವಸ್ತುವು ಹೊನ್ನಾದರೂ ದಾಸೋಹಕ್ಕೆ ಸಲ್ಲದೆಂಬುದೇ ಇದರ ತಾತ್ಪರ್ಯ.

ಗೃಹಸ್ಥರು ಇಲ್ಲಿ ಒಂದು ಮಾತನ್ನು ಮನನ ಮಾಡಬೇಕು. ಪ್ರಸಾದದ ಶುದ್ಧಿಯು ಅಕ್ಕಿಬೇಳೆಗಳಲ್ಲಿ ಮಾತ್ರವೇ ಇಲ್ಲ. ಒಲೆಗೆ ಇಕ್ಕುವ ಕಟ್ಟಿಗೆಯಲ್ಲಿಯೂ ಇದೆ. ಇಂದು ನಮಗೆ ತಿಳಿಯದೆ ಒಳಹೊಕ್ಕುವುದು ಹೊನ್ನಲ್ಲ, ವಿಷ. ಮನೆ ಕೆಡವಿದಲ್ಲಿ ಅಗ್ಗವಾಗಿ ದೊರೆಯುವ ಹಲಗೆ, ಕಂಬ, ಚೌಕಟ್ಟುಗಳನ್ನು ದೊಡ್ಡ ಒಲೆಗಳಿಗೆ ಹಾಕುವವರುಂಟು. ಹುಳು ಹಿಡಿಯದಂತೆ ಮರಕ್ಕೆ ಊಡಿಸುವ ಔಷಧವೊಂದನ್ನು ನಮ್ಮ ದೇಶದವರೇ ಆದ ಸೊಂಟಿ ಕಾಮೇಶಂ ಅವರು ೧೯೩೩ರಲ್ಲಿ ಕಂಡುಹಿಡಿದರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಎಂಬ ಪಾಷಾಣ ಇವು ಮೂರೂ ಅದರಲ್ಲಿವೆ. ಮರ ಬಾಳುವುದಕ್ಕೆ ಅದು ಉಪಕಾರಿ, ಉರಿಸಿದರೆ ಅಪಕಾರಿ. ಪಾಷಾಣದ ಒಂದಂಶವು ಹೊಗೆಯಲ್ಲಿ ಸೇರಿ ಉಸಿರನ್ನು ಹೊಗುತ್ತದೆ. ಮಿಕ್ಕುದು ಬೂದಿಯಲ್ಲಿ ನಿಲ್ಲುತ್ತದೆ. ಬೆಂಕಿಯು ಲೋಹವಿಷವನ್ನು ಸುಡಲಾರದು. ಇಂಥ ಬೂದಿಯನ್ನು ನೆಕ್ಕಿದ ದನಗಳು ಸತ್ತುದುಂಟು. ಪಾತ್ರೆ ಬೆಳಗುವುದಕ್ಕೂ ತಿಪ್ಪೆಗೂ ಬೂದಿಯನ್ನು ಬಳಸುವ ಮನೆಗಳು ಇದನ್ನು ಮರೆಯಬಾರದು.

ಹಸುರು ಛಾಯೆಯ ಮರ, ಕರಿಯೆಣ್ಣೆಯ ನಾತವುಳ್ಳ ಹಳೆಯ ರೈಲ್ವೆ ಸ್ಲೀಪರು, ಬಣ್ಣ ಬಳಿದ ಬಾಗಿಲು, ಅಂಟಿನಿಂದ ಕೂಡಿಸಿದ ಪ್ಲೈವುಡ್ಡು ಇವು ಒಲೆಗೆ ವರ್ಜ್ಯ. ಔಷಧ ಊಡಿಸಿದ ಮರವು ಹಳತಾದಂತೆ ಬಣ್ಣ ಮಾಸಿ ಬೂದುಬಣ್ಣ ತಾಳುವುದರಿಂದ, ಪೂರ್ವಾಪರ ತಿಳಿಯದ ಮರವನ್ನು ಸುಡದಿರುವುದೇ ಕ್ಷೇಮ. ಕಣಗಿಲೆ, ಕಾಡುಗೇರುಗಳಂತಹ ವಿಷವೃಕ್ಷಗಳ ಹೊಗೆಯೂ ಹಾನಿಕರ. ಜಾಲಿಯಂತಹ ಗಟ್ಟಿಮರವನ್ನು ಸೀಳಿ, ಮಳೆ ತಾಗದ, ಗಾಳಿಯಾಡುವ ತಾಣದಲ್ಲಿ ಒಟ್ಟಿ, ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಒಣಗಿಸಬೇಕು. ತುದಿಗಳು ಬಿರಿದು, ಒಂದಕ್ಕೊಂದು ಬಡಿದಾಗ ಟಣ್ಣೆಂದರೆ ಅದು ಒಣಗಿದ ಸೌದೆ. ಹಸಿಯದು ನೀರನ್ನು ಕಾಯಿಸುತ್ತಲೇ ಹೊಗೆಯುಗುಳಿ, ಅಡಿಗೆ ಮಾಡುವ ತಾಯಂದಿರ ಕಣ್ಣನ್ನೂ ಎದೆಯನ್ನೂ ಕೆಡಿಸುತ್ತದೆ.

ಕಡೆಗಾಲದಲ್ಲಿ ಕೈಲಾಸವನ್ನು ಬಯಸಿದ ಮಾರಯ್ಯನವರಿಗೆ, ಅದು ಬೇರೆಲ್ಲಿಯೂ ಇಲ್ಲವೆಂದು ಮಹಾದೇವಿಯಮ್ಮನವರೇ ಅರುಹಿದರೆಂಬುದು ಪ್ರಸಿದ್ಧ. ಇದ್ದ ಮನೆಯೇ ಕೈಲಾಸವಾದರೆ ಅದರ ಒಲೆಯೂ ಪವಿತ್ರವಲ್ಲವೆ? ಸೌದೆಯನ್ನು ಆಯ್ದು ಇಕ್ಕುವ ಕೈಯೂ ದಾಸೋಹದ ಕೈಯೇ ಎಂದರಿತು ನಡೆಯುವುದೇ ಆ ಮಹಾಶರಣರಿಗೆ ನಾವು ಸಲ್ಲಿಸುವ ಶರಣಾರ್ಥಿ.