ತಂಡದ ಪ್ರತಿನಿಧಿ: ರೊಬೆರ್ಟೊ ಕ್ಲೆಮೆಂಟೆ

ವಿದ್ಯಾರ್ಥಿಗಳೇ, ಒಂದು ತಂಡದ ಹೆಸರು ಕೇಳಿದೊಡನೆ ನಮ್ಮ ಕಣ್ಣ ಮುಂದೆ ಒಬ್ಬ ಆಟಗಾರನ ಮುಖ ಮೂಡುವುದುಂಟು. ಆ ತಂಡದಲ್ಲಿ ಎಷ್ಟೋ ಜನ ಆಡಿರುತ್ತಾರೆ, ಗೆದ್ದಿರುತ್ತಾರೆ, ಸೋತಿರುತ್ತಾರೆ. ಆದರೂ ತಂಡವೆಂದರೆ ಇವನೇ ಎಂದು ಜನ ಒಬ್ಬನನ್ನು ಆರಿಸಿಕೊಳ್ಳುತ್ತಾರೆ. ಈ ಆಯ್ಕೆಗೆ ಆಧಾರವೇನು? ಹೆಚ್ಚು ಗೆಲುವು ತಂದವನೇ ಪ್ರತಿನಿಧಿಯೇ? ಆ ಊರಿನಲ್ಲೇ ಹುಟ್ಟಿ ಬೆಳೆದವನೇ? ಅಥವಾ ಇವೆರಡನ್ನೂ ಮೀರಿದ ಗುಣವೊಂದಿದೆಯೇ? ಅಮೇರಿಕದ ಪಿಟ್ಸ್‌ಬರ್ಗ್ ನಗರದ ಬೇಸ್‌ಬಾಲ್ ಆಟಗಾರನೊಬ್ಬನ ಜೀವನವನ್ನು ನೋಡುತ್ತ ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತೀರ ಅಪರಿಚಿತವೆನಿಸದು. ತಂಡಕ್ಕೆ ಒಂಬತ್ತು ಜನ. ಒಬ್ಬನು ಎಸೆದ ಚೆಂಡನ್ನು ಎದುರು ತಂಡದವನು ದುಂಡನೆಯ ಬ್ಯಾಟಿನಿಂದ ಹೊಡೆಯುತ್ತಾನೆ. ಚೌಕದ ನಾಲ್ಕು ಮೂಲೆಗಳಲ್ಲಿರುವ ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಹೊಡೆದು ಮೊದಲ ನೆಲೆಯನ್ನಾದರೂ ಕ್ಷೇಮವಾಗಿ ಸೇರಿದರೆ ಅದನ್ನು ‘ಹಿಟ್’ ಎನ್ನುತ್ತಾರೆ. ಹತ್ತು ಸಲ ಬ್ಯಾಟು ಹಿಡಿದು ಮೂರು ಸಲ ಹಿಟ್ ಗಳಿಸುವವನನ್ನು ಉತ್ತಮ ಆಟಗಾರನೆಂದೇ ಎಣಿಸುತ್ತಾರೆ.

ಪಿಟ್ಸ್‌ಬರ್ಗ್ ಮೂರು ನದಿಗಳು ಸೇರುವ ಸ್ಥಳದಲ್ಲಿರುವ ನಗರ. ಕಲ್ಲಿದ್ದಲು ಮತ್ತು ಉಕ್ಕಿನಿಂದ ಹೆಸರಾದದ್ದು. ಅಲ್ಲಿಯ ತಂಡಕ್ಕೆ ಪೈರೇಟ್ಸ್, ಅಂದರೆ ಕಡಲ್ಗಳ್ಳರು, ಎಂಬ ವಿಚಿತ್ರ ಹೆಸರು. ಈ ತಂಡಕ್ಕೆ ಪ್ರತಿನಿಧಿಯಾಗಬಲ್ಲವರು ಹಲವರಿದ್ದರು. ಹಾನಸ್ ವಾಗ್ನರ್ ಆ ಸೀಮೆಯಲ್ಲೇ ಜರ್ಮನ್ ವಲಸಿಗರ ಮಗನಾಗಿ ಹುಟ್ಟಿ, ಬಾಲ್ಯದಲ್ಲೇ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. 1900ರಿಂದ 1917ರವರೆಗೆ ಪೈರೇಟ್ಸ್ ಪರವಾಗಿ ಆಡಿ ಎಂಟು ಬಾರಿ ಲೀಗಿನ ಅತ್ಯುತ್ತಮ ಬ್ಯಾಟುಗಾರನೆನಿಸಿದನು. ಬಿಲ್ ಮಜರಾಸ್ಕಿ 1960ರ ವರ್ಲ್ಡ್ ಸೀರೀಸಿನ ಕೊನೆಯ ಪಂದ್ಯವನ್ನು ಒಂದೇ ಹೊಡೆತದಿಂದ ಗೆದ್ದುಕೊಟ್ಟನು. ವಿಲ್ಲಿ ಸ್ಟಾರ್ಜೆಲ್ 1979ರ ತಂಡವನ್ನು ಮನೆಯ ಹಿರಿಯನಂತೆ ನಡೆಸಿದನು. ಇವರೆಲ್ಲರೂ ದೊಡ್ಡವರೇ. ಆದರೆ ನಾವು ಆರಿಸಿಕೊಂಡಿರುವುದು ದೂರದ ದ್ವೀಪದಿಂದ ಬಂದು, ಆ ಊರಿನ ಭಾಷೆಯನ್ನು ಸಹ ತಡವರಿಸುತ್ತ ಆಡುತ್ತಿದ್ದ ಒಬ್ಬ ಯುವಕನನ್ನು.

ರೊಬೆರ್ಟೊ ಕ್ಲೆಮೆಂಟೆ ಹುಟ್ಟಿದ್ದು 1934ರ ಆಗಸ್ಟ್ 18ರಂದು, ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಕರೊಲಿನಾ ಎಂಬಲ್ಲಿ. ಈ ದ್ವೀಪ ಅಮೇರಿಕದ ಆಡಳಿತಕ್ಕೆ ಸೇರಿದ್ದರೂ ಜನರ ಮಾತು ಸ್ಪ್ಯಾನಿಷ್. ತಂದೆ ಮೆಲ್ಚೋರ್ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ; ತಾಯಿ ಲೂಯಿಸಾ. ತುಂಬಿದ ಸಂಸಾರದಲ್ಲಿ ರೊಬೆರ್ಟೊ ಕಿರಿಯ ಮಗ. ಪ್ರೌಢಶಾಲೆಯಲ್ಲಿ ಆತನಿಗೆ ಭರ್ಜಿ ಎಸೆತದಲ್ಲಿ ಬಹಳ ಆಸಕ್ತಿ. ಮುಂದೆ ಮೈದಾನದ ಅಂಚಿನಿಂದ ಬಾಣದಂತೆ ಚೆಂಡೆಸೆದು ಎದುರಾಳಿಗಳನ್ನು ಬೆರಗುಗೊಳಿಸಿದ ಆ ತೋಳು ಪಳಗಿದ್ದು ಹೀಗೆ.

ದ್ವೀಪದ ಸಾಂತುರ್ಸೆ ತಂಡದಲ್ಲಿ ಆತನ ಆಟ ನೋಡಿ 1954ರಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡದವರು ಹತ್ತು ಸಾವಿರ ಡಾಲರ್ ಕೊಟ್ಟು ಸೇರಿಸಿಕೊಂಡರು. ಆದರೆ ಕೆನಡದ ಮಾಂಟ್ರಿಯಲ್‌ನ ಕಿರಿಯ ತಂಡಕ್ಕೆ ಕಳುಹಿಸಿ, ಆಡಲು ಅಪರೂಪಕ್ಕೊಮ್ಮೆ ಮಾತ್ರ ಅವಕಾಶ ಕೊಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ, ಲೀಗಿನಲ್ಲಿ ಕೊನೆಯ ಸ್ಥಾನಕ್ಕಿಳಿದಿದ್ದ ಪೈರೇಟ್ಸ್ ತಂಡ ಕೇವಲ ನಾಲ್ಕು ಸಾವಿರ ಡಾಲರಿಗೆ ಆತನನ್ನು ಪಡೆಯಿತು. 1955ರ ಏಪ್ರಿಲ್‌ನಲ್ಲಿ ಆತ ಪಿಟ್ಸ್‌ಬರ್ಗ್‌ನ ಮೈದಾನಕ್ಕಿಳಿದನು. ವೃದ್ಧ ವಾಗ್ನರ್ ಕಾಲವಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಹಳೆಯ ಕಂಬ ಉರುಳುವ ಮೊದಲೇ ಹೊಸ ಕಂಬ ನಿಂತಿತ್ತು. ಆದರೆ ಅದು ಯಾರಿಗೂ ತಿಳಿದಿರಲಿಲ್ಲ.

ಮೊದಲ ವರ್ಷಗಳು ಕಹಿಯಾಗಿದ್ದವು. ತಂಡದ ತರಬೇತಿ ನಡೆಯುತ್ತಿದ್ದ ಫ್ಲಾರಿಡಾದಲ್ಲಿ ಆಗ ವರ್ಣಭೇದ ಕಟ್ಟುನಿಟ್ಟಾಗಿತ್ತು. ಬಿಳಿಯ ಆಟಗಾರರು ಹೋಟೆಲಿನಲ್ಲಿ ಊಟಮಾಡುತ್ತಿದ್ದರೆ ಕಪ್ಪುವರ್ಣದವರಿಗೆ ಒಳಗೆ ಪ್ರವೇಶವಿರಲಿಲ್ಲ. ವಸತಿಯೂ ಬೇರೆ ಕೇರಿಯಲ್ಲಿ. ಕ್ಲೆಮೆಂಟೆ ಕಪ್ಪು ಬಣ್ಣದವನು, ಮೇಲಾಗಿ ಇಂಗ್ಲಿಷ್ ಸರಿಯಾಗಿ ಬಾರದವನು. ಹೀಗೆ ಆತನ ಪಾಲಿಗೆ ಎರಡು ಗೋಡೆಗಳು. ಆತನ ತಪ್ಪು ಉಚ್ಚಾರಣೆಯನ್ನು ಕೆಲವು ಪತ್ರಿಕೆಯವರು ಇದ್ದಂತೆಯೇ ಅಕ್ಷರಗಳಲ್ಲಿ ಅಚ್ಚುಹಾಕಿ ಓದುಗರನ್ನು ನಗಿಸಿದರು. ರೊಬೆರ್ಟೊ ಎಂಬ ಹೆಸರು ಬಾಯಿಗೆ ಕಷ್ಟವೆಂದು ಬಾಬ್ ಎಂದು ಕರೆದರು. ಮಕ್ಕಳು ಸಂಗ್ರಹಿಸುವ ಆಟಗಾರರ ಚಿತ್ರದ ಚೀಟಿಗಳಲ್ಲಿ ಕೂಡ ಎಷ್ಟೋ ವರ್ಷ ಬಾಬ್ ಕ್ಲೆಮೆಂಟೆ ಎಂದೇ ಅಚ್ಚಾಗುತ್ತಿತ್ತು.

ಆತನಿಗೆ ಈ ಹೆಸರು ಒಪ್ಪಿಗೆಯಾಗಲಿಲ್ಲ. ತಂದೆತಾಯಿ ಇಟ್ಟ ಹೆಸರು ರೊಬೆರ್ಟೊ, ಅದರಿಂದಲೇ ಕರೆಯಬೇಕೆಂಬುದು ಆತನ ಹಟ. ಸ್ಪ್ಯಾನಿಷ್ ಜನರ ರೂಢಿಯಂತೆ ತಂದೆಯ ಮನೆತನದ ಹೆಸರೂ ಅನಂತರ ತಾಯಿಯ ಮನೆತನದ ಹೆಸರೂ ಸೇರಿ ಆತನ ಪೂರ್ಣ ಹೆಸರು ರೊಬೆರ್ಟೊ ಕ್ಲೆಮೆಂಟೆ ವಾಕರ್. ಆ ಲಿಪಿಯಲ್ಲಿ ಬರೆದರೆ ಇಪ್ಪತ್ತೊಂದು ಅಕ್ಷರಗಳು. ಆತನ ಅಂಗಿಯ ಸಂಖ್ಯೆಯೂ 21. ಆಡುವಾಗಲೆಲ್ಲ ತನ್ನ ಪೂರ್ಣ ಹೆಸರನ್ನು ಬೆನ್ನ ಮೇಲೆ ಹೊತ್ತೇ ಆಡುತ್ತಿದ್ದನೆಂದು ನಾವು ಭಾವಿಸಬಹುದು.

ಆತನಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ಕೋಪ ಬೇಗ ಬರುತ್ತಿತ್ತು. ಕಾರು ಅಪಘಾತದಲ್ಲಿ ಬೆನ್ನಿಗೆ ಪೆಟ್ಟಾಗಿ ನೋವು ಬಿಡದೆ ಕಾಡುತ್ತಿತ್ತು. ಅದನ್ನು ಹೇಳಿಕೊಂಡರೆ ನೆವವೆಂದು ಆಡಿಕೊಂಡವರುಂಟು. 1960ರ ವರ್ಲ್ಡ್ ಸೀರೀಸಿನ ಏಳು ಪಂದ್ಯಗಳಲ್ಲೂ ಹಿಟ್ ಗಳಿಸಿದ್ದರೂ ಆ ವರ್ಷದ ಶ್ರೇಷ್ಠ ಆಟಗಾರನ ಆಯ್ಕೆಯಲ್ಲಿ ಆತನಿಗೆ ಸಿಕ್ಕಿದ್ದು ಎಂಟನೆಯ ಸ್ಥಾನ. ಈ ನೋವನ್ನು ಆತ ಮರೆಯಲಿಲ್ಲ. ಆದರೆ ಉತ್ತರವನ್ನು ಮೈದಾನದಲ್ಲಿಯೇ ಕೊಟ್ಟನು. 1961, 1964, 1965 ಮತ್ತು 1967ರಲ್ಲಿ ನ್ಯಾಷನಲ್ ಲೀಗಿನ ಅತ್ಯುತ್ತಮ ಬ್ಯಾಟುಗಾರನಾದನು. 1966ರಲ್ಲಿ ಲೀಗಿನ ಶ್ರೇಷ್ಠ ಆಟಗಾರನೆಂಬ ಮನ್ನಣೆ ದೊರೆಯಿತು. ಕ್ಷೇತ್ರರಕ್ಷಣೆಗಾಗಿ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ 1961ರಿಂದ ಸತತವಾಗಿ ಹನ್ನೆರಡು ಬಾರಿ ಬಂದಿತು.

1971 ಮರೆಯಲಾಗದ ವರ್ಷ. ಸೆಪ್ಟೆಂಬರ್ 1ರಂದು ಪೈರೇಟ್ಸ್ ತಂಡ ಪಂದ್ಯ ಆರಂಭಿಸಿದಾಗ ಮೈದಾನಕ್ಕಿಳಿದ ಒಂಬತ್ತು ಮಂದಿಯೂ ಕಪ್ಪುವರ್ಣದವರು ಅಥವಾ ಲ್ಯಾಟಿನ್ ಅಮೇರಿಕದ ಕಡೆಯವರು. ಅಮೇರಿಕದ ಪ್ರಮುಖ ಲೀಗುಗಳಲ್ಲಿ ಹಾಗಾದದ್ದು ಅದೇ ಮೊದಲು. ಅವರಲ್ಲಿ ಹಿರಿಯನು ಕ್ಲೆಮೆಂಟೆ. ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್ ತಂಡದ ವಿರುದ್ಧ ವರ್ಲ್ಡ್ ಸೀರೀಸ್ ಗೆದ್ದಾಗ ಆತನೇ ಸರಣಿಯ ಶ್ರೇಷ್ಠ ಆಟಗಾರ. ಟೆಲಿವಿಷನ್‌ನವರು ಧ್ವನಿವರ್ಧಕವನ್ನು ಮುಂದೆ ಹಿಡಿದರು, ದೇಶವೇ ನೋಡುತ್ತಿತ್ತು. ಆತ ಮೊದಲು ಇಂಗ್ಲಿಷಿನಲ್ಲಿ ಮಾತಾಡಲಿಲ್ಲ. ಸ್ಪ್ಯಾನಿಷಿನಲ್ಲಿ ತನ್ನ ತಂದೆತಾಯಿಗಳ ಆಶೀರ್ವಾದ ಬೇಡಿ, ಆಮೇಲೆ ಇಂಗ್ಲಿಷಿಗೆ ತಿರುಗಿದನು. ನಕ್ಕವರ ಮುಂದೆಯೇ ತಾಯ್ನುಡಿಗೆ ಹೀಗೆ ಮೊದಲ ಮಣೆ ಹಾಕಿದನು.

1972ರ ಸೆಪ್ಟೆಂಬರ್ 30ರಂದು ಆತನ 3000ನೆಯ ಹಿಟ್ ಬಂದಿತು. ಅಲ್ಲಿಯವರೆಗೆ ಹತ್ತು ಜನ ಮಾತ್ರ ಮುಟ್ಟಿದ್ದ ಎತ್ತರವದು. ಲೀಗಿನ ಪಂದ್ಯಗಳಲ್ಲಿ ಆತನ ಕೊನೆಯ ಹಿಟ್ಟೂ ಅದೇ ಆಯಿತು.

ಅದೇ ಡಿಸೆಂಬರ್ 23ರಂದು ನಿಕರಾಗುವಾ ದೇಶದ ರಾಜಧಾನಿ ಮನಾಗುವಾ ಭೂಕಂಪದಿಂದ ನೆಲಸಮವಾಯಿತು. ಸಾವಿರಾರು ಜನ ಸತ್ತರು. ತಿಂಗಳ ಹಿಂದಷ್ಟೇ ಪೋರ್ಟೊ ರಿಕೊದ ಹವ್ಯಾಸಿ ತಂಡವನ್ನು ಕರೆದುಕೊಂಡು ಆ ದೇಶಕ್ಕೆ ಹೋಗಿದ್ದ ಕ್ಲೆಮೆಂಟೆಗೆ ಅಲ್ಲಿಯ ಜನರ ಪರಿಚಯವಿತ್ತು. ಆತ ಹಬ್ಬದ ದಿನಗಳನ್ನು ಬದಿಗಿಟ್ಟು ಆಹಾರ, ಬಟ್ಟೆ, ಔಷಧಿಗಳನ್ನು ಸಂಗ್ರಹಿಸಿ ಕಳುಹಿಸಿದನು. ಆದರೆ ಸಾಮಗ್ರಿ ಸಂತ್ರಸ್ತರ ಕೈ ಸೇರದೆ ಅಲ್ಲಿಯ ಸೈನ್ಯದ ಅಧಿಕಾರಿಗಳ ಪಾಲಾಗುತ್ತಿದೆಯೆಂಬ ಸುದ್ದಿ ಬಂದಿತು. ತಾನೇ ಎದುರು ನಿಂತರೆ ಕಳವು ನಿಲ್ಲಬಹುದೆಂದು ಆತ ನಿರ್ಧರಿಸಿದನು. ಡಿಸೆಂಬರ್ 31ರ ರಾತ್ರಿ, ಮಡದಿ ವೇರಾ ಮತ್ತು ಮೂವರು ಪುಟ್ಟ ಗಂಡುಮಕ್ಕಳನ್ನು ಬಿಟ್ಟು, ಹಳೆಯ ವಿಮಾನವೊಂದನ್ನು ಏರಿದನು. ಮಿತಿಮೀರಿ ಭಾರ ಹೇರಿದ್ದ ಆ ವಿಮಾನ ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಸಮುದ್ರಕ್ಕೆ ಬಿದ್ದಿತು. ಅದರಲ್ಲಿದ್ದ ಐವರೂ ಮಡಿದರು. ಆತನ ಗೆಳೆಯನಾದ ಸಹ ಆಟಗಾರ ಮ್ಯಾನಿ ಸಾಂಗಿಯೆನ್ ಶೋಧಕರೊಡನೆ ತಾನೂ ಕಡಲಿಗಿಳಿದು ಹುಡುಕಿದನು. ಕ್ಲೆಮೆಂಟೆಯ ದೇಹ ದೊರೆಯಲೇ ಇಲ್ಲ. ಆಗ ಆತನಿಗೆ ಮೂವತ್ತೆಂಟು ವರ್ಷ.

ಐದು ವರ್ಷ ಕಾಯಬೇಕೆಂಬ ನಿಯಮವನ್ನು ಸಡಿಲಿಸಿ 1973ರಲ್ಲಿಯೇ ಆತನನ್ನು ಬೇಸ್‌ಬಾಲಿನ ಕೀರ್ತಿಭವನಕ್ಕೆ ಸೇರಿಸಿದರು. ಅಲ್ಲಿಯ ಫಲಕದಲ್ಲಿ ಹೆಸರಿನ ಕ್ರಮ ತಪ್ಪಾಗಿತ್ತು. 2000ದಲ್ಲಿ ಅದನ್ನು ರೊಬೆರ್ಟೊ ಕ್ಲೆಮೆಂಟೆ ವಾಕರ್ ಎಂದು ತಿದ್ದಿ ಹೊಸ ಫಲಕ ಹಾಕಿದರು. ಸಮಾಜಸೇವೆ ಮಾಡುವ ಆಟಗಾರನಿಗೆ ಪ್ರತಿವರ್ಷ ಆತನ ಹೆಸರಿನ ಪ್ರಶಸ್ತಿ ಸಲ್ಲುತ್ತದೆ. ಪೈರೇಟ್ಸ್ ತಂಡದಲ್ಲಿ 21ನೆಯ ಸಂಖ್ಯೆಯ ಅಂಗಿಯನ್ನು ಆಮೇಲೆ ಯಾರಿಗೂ ಕೊಡಲಿಲ್ಲ. 2001ರಲ್ಲಿ ತೆರೆದ ಹೊಸ ಕ್ರೀಡಾಂಗಣದಲ್ಲಿ, ಆತ ಕಾವಲು ಕಾಯುತ್ತಿದ್ದ ಬಲಭಾಗದ ಗೋಡೆಯನ್ನು 21 ಅಡಿ ಎತ್ತರಕ್ಕೇ ಕಟ್ಟಿದ್ದಾರೆ.

ಉಕ್ಕಿನ ಊರಿನ ತಂಡಕ್ಕೆ ಕಬ್ಬಿನ ಗದ್ದೆಯಿಂದ ಬಂದವನು ಪ್ರತಿನಿಧಿಯಾದದ್ದು ಹೇಗೆಂಬುದಕ್ಕೆ ಉತ್ತರ ಈಗ ಸ್ಪಷ್ಟ. ಹದಿನೆಂಟು ವರ್ಷ ಆತ ಬೇರೆ ತಂಡಕ್ಕೆ ಹೋಗಲಿಲ್ಲ. ದುಡಿಮೆಯಲ್ಲಿ ಕೊರತೆ ಮಾಡಲಿಲ್ಲ. ಆ ಊರಿನವನಾಗಲು ತನ್ನ ಹೆಸರನ್ನೂ ನುಡಿಯನ್ನೂ ಬಿಡಲಿಲ್ಲ. ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಮಾತಾಡುತ್ತ ಬೆಳೆಯುವ ಗಡಿನಾಡಿನ ಮಕ್ಕಳು ಇದನ್ನು ವಿಶೇಷವಾಗಿ ಗಮನಿಸಬೇಕು. ನಾಲಗೆ ತಡವರಿಸಿದ ಮಾತ್ರಕ್ಕೆ ಮನುಷ್ಯ ಸಣ್ಣವನಾಗುವುದಿಲ್ಲ. ನೆರೆಯ ಭಾಷೆಯನ್ನು ಪ್ರೀತಿಯಿಂದ ಕಲಿಯೋಣ, ನಮ್ಮದನ್ನು ನಾಚಿಕೆಯಿಲ್ಲದೆ ಆಡೋಣ. ನಾಳೆ ನಮ್ಮ ಶಾಲೆಯ ತಂಡಕ್ಕೆ ನಾಯಕನನ್ನು ಆರಿಸುವಾಗ ಅಂಕಗಳ ಜೊತೆಗೆ, ಇತರರ ಕಷ್ಟಕ್ಕೆ ಮೊದಲು ಎದ್ದು ನಿಲ್ಲುವವನು ಯಾರೆಂಬುದನ್ನೂ ನೋಡೋಣ.